ಕ್ಯಾಸೆಟ್ಟಿನಲ್ಲಿ ಉಳಿದ ದನಿ

ಅವಳಿಗೆ ಕಹಳೆ ಅಂತ ಹೆಸರಿಟ್ಟವನು ಅಪ್ಪ. ಹುಟ್ಟಿದಾಗ ಅವಳು ಅತ್ತ ಅಳುವಿಗೆ ಪಕ್ಕದ ಮನೆಯವರು ಕಳ್ಳ ಬಂದನೇನೋ ಅಂತ ಬಾಗಿಲು ತೆಗೆದು ನೋಡಿದ್ದರಂತೆ. ದೊಡ್ಡವಳಾದ ಮೇಲೂ ಆ ಗಂಟಲು ತಗ್ಗಲಿಲ್ಲ. ಶಾಲೆಯೊಂದರಲ್ಲಿ ಆಟದ ಟೀಚರಾದಳು. ಮೈದಾನದ ಆ ತುದಿಯ ಮಕ್ಕಳನ್ನು ಕರೆಯಲು ಅವಳಿಗೆ ಯಾವತ್ತೂ ಸೀಟಿ ಬೇಕಾಗಲಿಲ್ಲ. ಅಂಥವಳ ಗಂಟಲಲ್ಲೇ ಗಡ್ಡೆ ಬೆಳೆಯಿತು. ವರ್ಷವಿಡೀ ದನಿ ಒಡೆದು ಒಡೆದು, ಕೊನೆಗೆ ದನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಈಗ ಕತ್ತಿನ ಬುಡದಲ್ಲಿ ಒಂದು ರಂಧ್ರ, ಅದರಲ್ಲಿ ಉಸಿರೊಂದು ಹೋಗಿಬರುತ್ತದೆ, ಅಷ್ಟೇ.

ಆಪರೇಷನ್ನಿನ ಗಾಯ ಆರಿದ ಮೇಲೆ ವಿಕಿರಣ ಚಿಕಿತ್ಸೆ ಆಗಲೇಬೇಕು, ತಡ ಮಾಡಿದರೆ ಗಡ್ಡೆ ಮತ್ತೆ ತಲೆಯೆತ್ತುತ್ತದೆ ಅಂತ ಡಾಕ್ಟರು ಬಿಡಿಸಿ ಹೇಳಿದ್ದರು. ಕಹಳೆ ಒಪ್ಪಲಿಲ್ಲ. ಬರೆಯಲೆಂದು ಕೊಟ್ಟಿದ್ದ ಬಿಳಿ ಹಲಗೆಯ ಮೇಲೆ ‘ಸಾಕು’ ಅಂತ ಬರೆದು ಗೋಡೆಯ ಕಡೆ ತಿರುಗಿ ಮಲಗಿದಳು. ಮಗಳು ಅತ್ತಳು, ಕೈ ಮುಗಿದಳು, ರೇಗಿದಳು. ಹಲಗೆಯ ಮೇಲಿನ ಅಕ್ಷರ ಬದಲಾಗಲಿಲ್ಲ.

ಕಹಳೆಯ ಅಕ್ಕ ಪರದೆ ಹೊಲಿಯುವ ಅಂಗಡಿಯೊಂದರಲ್ಲಿ ಬಟ್ಟೆ ಕತ್ತರಿಸುವವಳು. ಮದುವೆಯಾಗಿರಲಿಲ್ಲ, ಮಾತೂ ಕಮ್ಮಿ. ತಂಗಿಗೆ ಆಪರೇಷನ್ ಆದಾಗಿನಿಂದ ತನ್ನ ಬಾಡಿಗೆ ಕೋಣೆಗೆ ಬೀಗ ಹಾಕಿ ಅವಳ ಮನೆಗೇ ಬಂದು ಇದ್ದಳು. ಆಸ್ಪತ್ರೆಯಲ್ಲಿ ಮಾತಿನ ಅಭ್ಯಾಸ ಮಾಡಿಸುವ ಟೀಚರ್ ಒಂದು ದಿನ ಅವಳನ್ನು ಪಕ್ಕಕ್ಕೆ ಕರೆದು, “ನೋಡಿ, ಬೆರಳಲ್ಲಿ ಬರೆದದ್ದನ್ನು ಓದಿ ಹೇಳೋ ಯಂತ್ರ ಇದೆ. ಇವರದೇ ಹಳೇ ದನಿ ಸಿಕ್ಕಿದ್ರೆ ಅದೇ ದನಿಯಲ್ಲಿ ಮಾತಾಡೋ ಹಾಗೆ ಮಾಡಬಹುದು. ನಾಲ್ಕೈದು ನಿಮಿಷ ಸ್ವಚ್ಛವಾಗಿ ಇದ್ರೂ ಸಾಕು. ಆದ್ರೆ ಒಡೆದ ದನಿ ಆಗಲ್ಲ, ಮೊದಲಿನದೇ ಬೇಕು” ಅಂದಳು.

ಮಗಳ ಫೋನಿನಲ್ಲಿ ಇದ್ದದ್ದೆಲ್ಲ ಒಡೆದ ದನಿಯೇ. ಅದಕ್ಕೂ ಹಿಂದಿನ ಫೋನು ಎಂದೋ ನೀರಿಗೆ ಬಿದ್ದು ಸತ್ತಿತ್ತು. ಅಕ್ಕನಿಗೆ ಆಗ ನೆನಪಾದದ್ದು ಅಟ್ಟದ ಮೇಲಿನ ಕ್ಯಾಸೆಟ್ಟುಗಳು. ಕಹಳೆಯ ಗಂಡ ಬದುಕಿದ್ದಾಗ ಒಂದು ವಿಡಿಯೊ ಕ್ಯಾಮೆರಾ ತಂದಿದ್ದ. ತಂದವನು ಅವನು, ಹಿಡಿದವಳು ಕಹಳೆ. ಮಗುವಿನ ಮೊದಲ ಹೆಜ್ಜೆ, ಅಪ್ಪನ ಹಲ್ಲಿಲ್ಲದ ನಗು, ಮನೆಗೆ ಬಣ್ಣ ಹೊಡೆದದ್ದು, ಏನೇ ಆದರೂ ಕ್ಯಾಮೆರಾ ಹೆಗಲಿಗೇರುತ್ತಿತ್ತು. ಕ್ಯಾಮೆರಾ ಹಿಡಿದವಳ ಬಾಯಂತೂ ಸುಮ್ಮನಿರುತ್ತಿರಲಿಲ್ಲ.

ಅಕ್ಕ ತಂಗಿಯ ಮಂಚದ ಹತ್ತಿರ ಹೋಗಿ ಕೂತಳು. “ನಿನ್ನ ದನಿ ನಾನು ತಂದುಕೊಡ್ತೀನಿ. ತಂದ್ರೆ ಆಸ್ಪತ್ರೆಗೆ ಬರ್ತೀಯ?”

ಕಹಳೆ ಅವಳ ಮುಖ ನೋಡಿದಳು. ಹೂಂ ಅಂತ ತಲೆಯಾಡಿಸಿದಳು. ಯಾವ ಧೈರ್ಯದ ಮೇಲೆ ಮಾತು ಕೊಟ್ಟೆನೋ ಅಂತ ಅಕ್ಕನಿಗೇ ಗೊತ್ತಾಗಲಿಲ್ಲ.

ಅಟ್ಟದ ಮೇಲೆ ನೀರಿನ ಟ್ಯಾಂಕಿನ ಪಕ್ಕದಲ್ಲೇ ಇತ್ತು ರಟ್ಟಿನ ಪೆಟ್ಟಿಗೆ. ಕೈ ಹಾಕಿದರೆ ತಳ ಕಿತ್ತು ಬಂತು. ಕ್ಯಾಸೆಟ್ಟುಗಳ ಕಿಟಕಿಯೊಳಗೆ ಕಪ್ಪು ಸುರುಳಿಯ ಮೇಲೆ ಬಿಳಿ ಪುಡಿ ಕೂತಿತ್ತು. ಧೂಳು ಅಂದುಕೊಂಡಳು. ಸೆರಗಲ್ಲಿ ಹೊರಗೆಲ್ಲ ಒರೆಸಿ, ದೊಡ್ಡ ರಸ್ತೆಯ ಗಾಜಿನ ಬಾಗಿಲಿನ ಸ್ಟುಡಿಯೊಗೆ ಒಯ್ದಳು. ‘ಹಳೆಯ ಕ್ಯಾಸೆಟ್ ಡಿಜಿಟಲ್ ಮಾಡಿಕೊಡಲಾಗುವುದು’ ಅಂತ ಅಲ್ಲಿ ಬೋರ್ಡಿತ್ತು. ಕೌಂಟರಿನ ಹುಡುಗಿ ಒಂದನ್ನು ತೆಗೆದು ಹಿಂದೆಮುಂದೆ ನೋಡದೆ ಯಂತ್ರಕ್ಕೆ ತಳ್ಳಿದಳು. ಒಳಗೆ ಏನೋ ಕಿರುಗುಟ್ಟಿತು. ಹೊರಗೆ ಎಳೆದಾಗ ಟೇಪು ಕರುಳಿನ ಹಾಗೆ ಜೋತು ಬಂತು, ಮಧ್ಯಕ್ಕೆ ತುಂಡಾಗಿತ್ತು.

“ಬೂಷ್ಟು ಹಿಡಿದಿದೆ ಆಂಟಿ. ಮೊದಲೇ ಹೇಳ್ಬೇಕು ತಾನೆ. ಈಗ ನಮ್ಮ ಮೆಷಿನ್ ಕ್ಲೀನ್ ಮಾಡ್ಬೇಕು” ಅಂತ ಹುಡುಗಿ ಮುಖ ಸಿಂಡರಿಸಿದಳು.

ಅಕ್ಕ ತುಂಡಾದದ್ದನ್ನೂ ಚೀಲಕ್ಕೆ ತುಂಬಿಕೊಂಡು ಹೊರಬಂದಳು. ಅದರಲ್ಲಿ ಏನಿತ್ತೋ, ಯಾವ ಮಾತಿತ್ತೋ. ತನ್ನ ಕೈಯಾರೆ ಕೊಟ್ಟು ಹರಿಸಿದ ಹಾಗಾಯಿತು.

ಮೂರು ಕಡೆ ವಿಚಾರಿಸಿದ ಮೇಲೆ, ಹಿಂದೆ ಮದುವೆಗಳ ವಿಡಿಯೊ ತೆಗೆಯುತ್ತಿದ್ದವನೊಬ್ಬನ ಸುಳಿವು ಸಿಕ್ಕಿತು. ಟೈರು ಅಂಗಡಿಯ ಮೇಲಿನ ಒಂದು ಕೋಣೆ. ಗೋಡೆಯುದ್ದಕ್ಕೂ ಹಳೇ ಪ್ಲೇಯರುಗಳು, ವೈರುಗಳ ಗೋಜಲು. ಅವನು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿ ಮೇಜಿನ ಮೇಲಿಟ್ಟ, ತನ್ನಿಂದ ದೂರಕ್ಕೆ ತಳ್ಳಿದ.

“ಆಗಲ್ಲಮ್ಮ. ಇದನ್ನ ಹಾಕಿದ್ರೆ ನನ್ನ ಪ್ಲೇಯರಿನಲ್ಲಿ ಟೇಪು ಓದೋ ಹೆಡ್ಡೂ ಹೋಗತ್ತೆ. ಈ ಕಾಲದಲ್ಲಿ ಇನ್ನೊಂದು ಎಲ್ಲಿ ಹುಡುಕಲಿ?”

“ಸ್ವಲ್ಪ ನೋಡಿ ಅಣ್ಣ.”

“ನೋಡಿದ್ನಲ್ಲ.”

ಅಕ್ಕ ಎದ್ದು ಹೋಗಲಿಲ್ಲ. ಬೇಡಿಕೊಳ್ಳುವುದು ಹೇಗೆ ಅಂತ ಅವಳಿಗೆ ಬರುತ್ತಿರಲಿಲ್ಲ. ಕುರ್ಚಿಯ ತುದಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು. ಅವನು ಬೇರೆ ಕೆಲಸ ಹಿಡಿದ, ಊಟ ಮಾಡಿ ಬಂದ, ಅವಳು ಅಲ್ಲೇ ಇದ್ದಳು. ಕೊನೆಗೆ ಅವನಿಗೇ ತಡೆಯಲಾಗದೆ, “ಯಾರದ್ದು ಇದು? ಯಾರಾದ್ರೂ ತೀರಿಕೊಂಡ್ರಾ?” ಅಂತ ಕೇಳಿದ.

“ಇಲ್ಲ. ತಂಗಿ ಇದ್ದಾಳೆ. ದನಿ ಹೋಗಿದೆ. ಈ ದನಿ ಸಿಗದಿದ್ರೆ ಔಷಧಿ ಬೇಡ ಅಂತ ಕೂತಿದ್ದಾಳೆ.”

ಅವನು ತಲೆ ಕೆರೆದುಕೊಂಡ. “ನನಗೆ ಪುರುಸೊತ್ತಿಲ್ಲ. ನೀವೇ ಒರೆಸ್ತೀರಾದ್ರೆ ಹೇಳಿಕೊಡ್ತೀನಿ. ಒಂದು ಹಳೇ ಪ್ಲೇಯರ್ ಇದೆ, ಹೋದ್ರೆ ಹೋಗಲಿ.”

ಮಾರನೆಯ ದಿನದಿಂದ ಅಕ್ಕ ಅಂಗಡಿಗೆ ರಜೆ ಹಾಕಿದಳು. ಕ್ಯಾಸೆಟ್ಟುಗಳನ್ನು ತೇವ ಹೀರುವ ಪೊಟ್ಟಣಗಳ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟು ಒಣಗಿಸಿದ್ದಾಯಿತು. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಂದೊಂದರ ಸ್ಕ್ರೂ ಬಿಚ್ಚಿ, ಸುರುಳಿ ಹೊರತೆಗೆದು, ಮೆತ್ತನೆಯ ಬಟ್ಟೆಯ ಮಡಿಕೆಯೊಳಗೆ ಟೇಪನ್ನು ಹಾಯಿಸುತ್ತ ಇನ್ನೊಂದು ಗಾಲಿಗೆ ಸುತ್ತಬೇಕು. ಜೋರಾಗಿ ಎಳೆದರೆ ಹಿಗ್ಗುತ್ತದೆ, ಸಡಿಲ ಬಿಟ್ಟರೆ ಸುಕ್ಕಾಗುತ್ತದೆ. ಬಟ್ಟೆಯ ಮೇಲೆ ಬಿಳಿ ಬೂಷ್ಟು ಕಂದು ಕೆಸರಾಗಿ ಕೂರುತ್ತಿತ್ತು. ಸಂಜೆಯ ಹೊತ್ತಿಗೆ ಕಣ್ಣು ಉರಿದು ಬೆರಳು ಸೆಟೆದುಕೊಳ್ಳುತ್ತಿದ್ದವು. ಮನೆಗೆ ಹೋದರೆ ಕಹಳೆ ಮಾತಿಲ್ಲದೆ ಅವಳ ಕಡೆ ಹುಬ್ಬು ಹಾರಿಸುತ್ತಿದ್ದಳು: ಸಿಕ್ಕಿತಾ?

“ಆಗ್ತಾ ಇದೆ” ಅನ್ನುತ್ತಿದ್ದಳು ಅಕ್ಕ.

ಮೊದಲ ಕ್ಯಾಸೆಟ್ಟು ಹಳೇ ಪ್ಲೇಯರಿಗೆ ಹೋದಾಗ ಅವಳು ಪಕ್ಕದಲ್ಲೇ ನಿಂತಿದ್ದಳು. ಟೀವಿ ಪರದೆಯ ಮೇಲೆ ಗೆರೆಗಳು ಹರಿದಾಡಿ, ಅವುಗಳ ಹಿಂದಿನಿಂದ ಅಪ್ಪ ಬಂದ. ಬನಿಯನ್ನಿನಲ್ಲಿ, ಕೈಯಲ್ಲಿ ಬಣ್ಣದ ಬ್ರಷ್ಷು. ಕ್ಯಾಮೆರಾದ ಕಡೆ ಏನೋ ಅಂದು ನಕ್ಕ. ಆದರೆ ಬಂದದ್ದು ಬರೀ ಗುಸುಗುಸು ಸದ್ದು, ಒಲೆಯ ಮೇಲೆ ನೀರು ಕುದಿಯುವ ಹಾಗೆ.

“ದನಿ ಯಾಕೆ ಬರ್ತಿಲ್ಲ?”

ಅವನು ಗುಂಡಿಗಳನ್ನೆಲ್ಲ ತಿರುಗಿಸಿ ನೋಡಿದ. “ಚಿತ್ರ ಟೇಪಿನ ನಡುವೆ ಇರತ್ತೆ. ದನಿ ಅಂಚಲ್ಲಿ, ಸಣ್ಣ ಪಟ್ಟಿಯಲ್ಲಿ. ಬೂಷ್ಟು ಮೊದಲು ತಿನ್ನೋದು ಅಂಚನ್ನೇ.”

ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಚಿತ್ರ ಬರುತ್ತಿತ್ತು. ಅದರ ತುಂಬ ಅಕ್ಕನೇ. ತಲೆ ಬಾಚಿಕೊಳ್ಳುವ ಅಕ್ಕ, ಮಗುವನ್ನು ಎತ್ತಿಕೊಂಡ ಅಕ್ಕ, ಕ್ಯಾಮೆರಾ ಕಂಡು ಸೆರಗಿನಿಂದ ಮುಖ ಮರೆಮಾಡಿಕೊಳ್ಳುವ ಅಕ್ಕ. ಚಿತ್ರ ತೆಗೆದವಳು ಒಂದರಲ್ಲೂ ಇಲ್ಲ. ಅಲ್ಲೊಂದು ಇಲ್ಲೊಂದು ಪದ ತೇಲಿ ಬಂದು ಮುಳುಗುತ್ತಿತ್ತು: “ಅಕ್ಕ, ಈ ಕಡೆ...” ಆಮೇಲೆ ಮತ್ತೆ ಗುಸುಗುಸು. ಅವನು ಅದನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಜೋಡಿಸಿದ. ಒಟ್ಟು ಸೇರಿಸಿದರೆ ಅರ್ಧ ನಿಮಿಷವೂ ಆಗಲಿಲ್ಲ.

ಅಷ್ಟರಲ್ಲಿ ಆಸ್ಪತ್ರೆಯಿಂದ ಮಗಳಿಗೆ ಫೋನು ಬಂತು. ಇನ್ನು ತಡ ಮಾಡಿದರೆ ಚಿಕಿತ್ಸೆ ಮಾಡಿಯೂ ಪ್ರಯೋಜನವಿಲ್ಲ ಅಂದರಂತೆ. ಮಗಳು ಅಡುಗೆಮನೆಯಲ್ಲಿ ದನಿ ತಗ್ಗಿಸಿ, “ದೊಡ್ಡಮ್ಮ, ಸುಳ್ಳು ಆಸೆ ತೋರಿಸ್ಬೇಡಿ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಅಮ್ಮನ ಕೈಕಾಲು ಹಿಡಿದು ಎಳ್ಕೊಂಡಾದ್ರೂ ಹೋಗ್ತೀನಿ” ಅಂದಳು. ಅಕ್ಕ ತಟ್ಟೆ ತೊಳೆಯುತ್ತಲೇ ಇದ್ದಳು.

ಕೊನೆಯ ಕ್ಯಾಸೆಟ್ಟಿನ ಹೊರಸುತ್ತು ಪೂರಾ ಕೊಳೆತಿತ್ತು. ಒರೆಸುತ್ತ ಒಳಕ್ಕೆ ಹೋದಂತೆ ಬಟ್ಟೆಗೆ ಕೊಳೆ ಹತ್ತುವುದು ನಿಂತಿತು. ಬಿಗಿಯಾಗಿ ಸುತ್ತಿಕೊಂಡಿದ್ದ ಒಳಗಿನ ಭಾಗಕ್ಕೆ ಬೂಷ್ಟು ತಲುಪಿರಲಿಲ್ಲ. ಪ್ಲೇಯರಿಗೆ ಹಾಕಿದರೆ, ಪರದೆಯ ಮೇಲೆ ಮೇಜಿನ ಕಾಲು ಮತ್ತು ನೆಲ. ಯಾರೋ ಕ್ಯಾಮೆರಾವನ್ನು ಆರಿಸದೆ ಕೆಳಗಿಟ್ಟ ಹಾಗಿತ್ತು. ಆಮೇಲೆ ದನಿ ಬಂತು. ಕೋಣೆ ತುಂಬ ಬಂತು.

“ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ? ಅಪ್ಪ ಉಸಿರು ಎಳೀತಾ ಇದ್ರು, ನೀನು ಪಕ್ಕದಲ್ಲಿ ಕಲ್ಲಿನ ಹಾಗೆ ಕೂತಿದ್ದೆ. ನಾನು ಮಗಳಲ್ವಾ? ನನ್ನ ಯಾಕೆ ಕರೀಲಿಲ್ಲ?”

ಪ್ಲೇಯರಿನವನು ಅವಳ ಮುಖ ನೋಡಿ ಗುಂಡಿಯ ಕಡೆ ಕೈ ಚಾಚಿದ. ಅಕ್ಕ ಬೇಡ ಅಂತ ತಲೆಯಾಡಿಸಿದಳು.

ಅಪ್ಪ ತೀರಿಕೊಂಡ ವಾರದ ಜಗಳ ಅದು. ಆಮೇಲೆ ಕೆಲವು ವರ್ಷ ಇಬ್ಬರಿಗೂ ಮಾತಿರಲಿಲ್ಲ. ಕಹಳೆಯ ಗಂಡ ತೀರಿಕೊಂಡಾಗ ಅಕ್ಕ ಕರೆಯದೇ ಬಂದು ನಿಂತಳು, ಮಾತು ಮತ್ತೆ ಶುರುವಾಯಿತು. ಆ ದಿನದ ಸುದ್ದಿಯನ್ನು ಇಬ್ಬರೂ ಮತ್ತೆ ಎತ್ತಿರಲಿಲ್ಲ. ಟೇಪಿನಲ್ಲಿ ಕಹಳೆ ಬೈಯುತ್ತಲೇ ಹೋದಳು. ಸ್ವಾರ್ಥಿ ಅಂದಳು, ಮನೆ ನಿನಗೇ ಸಿಗಲಿ ಅಂತ ಹೀಗೆ ಮಾಡಿದೆ ಅಂದಳು, ಅತ್ತು ಮತ್ತೆ ಬೈದಳು. ಅಕ್ಕನದು ಒಂದೇ ಒಂದು ಮಾತೂ ಇರಲಿಲ್ಲ. ಬೇರೆ ಸದ್ದೂ ಇರಲಿಲ್ಲ.

“ಆರು ನಿಮಿಷ ಇದೆ, ಕನ್ನಡಿಯ ಹಾಗಿದೆ” ಅಂದ ಅವನು, ಅವಳ ಕಡೆ ನೋಡದೆ. “ಇದನ್ನೇ ಕೊಡ್ತೀರಾ?”

“ಬೇರೆ ಏನಿದೆ?” ಅಂದಳು ಅಕ್ಕ.

ಮಾತಿನ ಟೀಚರ್ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದಳು. ನಡುವೆ ಒಮ್ಮೆ ಕಣ್ಣೆತ್ತಿ ಅಕ್ಕನನ್ನು ನೋಡಿ ಮತ್ತೆ ತಗ್ಗಿಸಿದಳು. ಅಕ್ಕನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಎರಡು ದಿನಕ್ಕೆ ದನಿ ತಯಾರಾಗಿ ಕಹಳೆಯ ಫೋನಿಗೆ ಬಂತು. ಮಗಳು ಅದನ್ನು ಹೇಗೆ ಬಳಸುವುದೆಂದು ತೋರಿಸಿ, ಕೆಲಸಕ್ಕೆ ತಡವಾಯಿತೆಂದು ಹೊರಗೆ ಚಪ್ಪಲಿ ಹುಡುಕುತ್ತಿದ್ದಳು. ಕಹಳೆ ದಿಂಬಿಗೆ ಒರಗಿ ಒಂದೊಂದೇ ಅಕ್ಷರ ಒತ್ತಿದಳು.

“ನೀರು ಕೊಡು.”

ಅವಳದೇ ದನಿ, ತುಂಬಿದ ದನಿ. ಆದರೆ ಅದು ನೀರು ಕೇಳಿದ ಹಾಗಿರಲಿಲ್ಲ, ನೀರು ಕದ್ದವರನ್ನು ಹಿಡಿದು ಗದರಿಸಿದ ಹಾಗಿತ್ತು. ಅಕ್ಕ ಲೋಟ ತಂದುಕೊಟ್ಟಳು. ಕಹಳೆ ಕುಡಿಯಲಿಲ್ಲ. ಫೋನನ್ನೇ ನೋಡುತ್ತ ಮತ್ತೆ ಒತ್ತಿದಳು.

“ಇದು ಆವತ್ತಿನ ಜಗಳದ್ದು.”

“ಹೂಂ” ಅಂದಳು ಅಕ್ಕ. “ಉಳಿದಿದ್ದು ಅದೊಂದೇ.”

ಕಹಳೆಯ ಬೆರಳು ಮತ್ತೆ ಓಡಿತು. “ಯಾಕೆ ಕರೀಲಿಲ್ಲ?”

ಅದೇ ಪ್ರಶ್ನೆ, ಅದೇ ಏರುದನಿ. ಅಕ್ಕ ಲೋಟವನ್ನು ಕಿಟಕಿಯ ಮೇಲಿಟ್ಟಳು. “ಅಪ್ಪನೇ ಬೇಡ ಅಂದ್ರು. ‘ಕೂಸಿಗೆ ಜ್ವರ ಇದೆ, ಈಗ ಹೇಳಿದ್ರೆ ಅದನ್ನ ಎತ್ಕೊಂಡು ಇಷ್ಟು ಹೊತ್ತಲ್ಲಿ ಓಡಿ ಬರ್ತಾಳೆ. ಬೆಳಿಗ್ಗೆ ಹೇಳು’ ಅಂದ್ರು. ಬೆಳಿಗ್ಗೆವರೆಗೆ ಇರ್ತಾರೆ ಅಂತ ನಾನೂ ಅಂದ್ಕೊಂಡೆ.”

“ಆವತ್ತೇ ಯಾಕೆ ಹೇಳಲಿಲ್ಲ?”

“ನೀನು ಬಿಟ್ಟಿದ್ರೆ ತಾನೆ. ಆಮೇಲೆ ನೀನು ಅಪ್ಪನ ಮೇಲೆ ಸಿಟ್ಟಾಗೋದಕ್ಕಿಂತ ನನ್ನ ಮೇಲೇ ಆಗಲಿ ಅನ್ನಿಸ್ತು.”

ಕಹಳೆ ಏನನ್ನೋ ಬರೆದಳು, ಅಳಿಸಿದಳು, ಮತ್ತೆ ಬರೆದು ಅಳಿಸಿದಳು. ಅವಳ ಹೆಗಲು ಅದುರತೊಡಗಿತು. ಅಳುವಿಗೂ ಈಗ ದನಿ ಇರಲಿಲ್ಲ. ಕತ್ತಿನ ರಂಧ್ರದಲ್ಲಿ ಉಸಿರು ಸಿಳ್ಳೆಯ ಹಾಗೆ ಒಳಹೊರಗೆ ಆಡುತ್ತಿತ್ತು. ಅಕ್ಕ ಮಂಚದ ಅಂಚಿನಲ್ಲಿ ಕೂತು ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು. ಅದು ನಿಲ್ಲುವ ತನಕ ತೆಗೆಯಲಿಲ್ಲ.

ಚಪ್ಪಲಿ ಹಾಕಿಕೊಂಡೇ ಮಗಳು ಬಾಗಿಲಲ್ಲಿ ಇಣುಕಿದಳು. “ಏನಾಯ್ತು? ಯಾಕೆ ಅಳ್ತಿದ್ದೀರಿ ಇಬ್ಬರೂ?”

ಕಹಳೆ ಮೂಗು ಒರೆಸಿಕೊಂಡು ಫೋನು ಎತ್ತಿಕೊಂಡಳು. “ಆಸ್ಪತ್ರೆಗೆ ಯಾವಾಗ ಹೋಗ್ಬೇಕು ಕೇಳು” ಅಂತ ಫೋನು ಗದರಿತು. ಮಗಳು ಮರುಮಾತಾಡದೆ ಅಲ್ಲೇ ನಿಂತು ಆಸ್ಪತ್ರೆಗೆ ಫೋನು ಮಾಡಿದಳು.

ಅದರ ಮುಂದಿನ ವಾರ ಚಿಕಿತ್ಸೆ ಶುರುವಾಯಿತು. ಸುಲಭದ್ದೇನೂ ಆಗಿರಲಿಲ್ಲ. ಕತ್ತಿನ ಚರ್ಮ ಸುಟ್ಟು ಕಪ್ಪಾಯಿತು, ಗಂಜಿಯೂ ಇಳಿಯದ ದಿನಗಳಿದ್ದವು, ಕಹಳೆ ಮತ್ತೆ ಎರಡು ಸಲ ಸಾಕು ಅಂದಳು. ಗುಣವಾಗುತ್ತದೋ ಇಲ್ಲವೋ ಡಾಕ್ಟರೂ ಗಟ್ಟಿಯಾಗಿ ಹೇಳಲಿಲ್ಲ. ದನಿಯಲ್ಲಿನ ಸಿಟ್ಟನ್ನು ಸ್ವಲ್ಪ ಇಳಿಸಲಾಗದೇ ಅಂತ ಅಕ್ಕ ಕೇಳಿದ್ದಕ್ಕೆ, ಮೆತ್ತಗೆ ಮಾತಾಡಿದ್ದು ಬೇರೆ ಇದ್ದರೆ ಕೊಡಿ ಅಂದಳು ಮಾತಿನ ಟೀಚರ್. ಕಹಳೆ ಮೆತ್ತಗೆ ಮಾತಾಡಿದ್ದು ಯಾರಿಗೂ ನೆನಪಿರಲಿಲ್ಲ. ಹಾಗಾಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವಳು “ಇನ್ನೂ ಎಷ್ಟು ಹೊತ್ತಾಗತ್ತೆ?” ಅಂತ ಒತ್ತಿದಾಗಲೆಲ್ಲ ನರ್ಸು ಬೆಚ್ಚಿ ಎದ್ದು ನಿಲ್ಲುತ್ತಿದ್ದಳು. ಅಕ್ಕ, “ಏನೂ ಅಂದ್ಕೋಬೇಡಿ ಸಿಸ್ಟರ್, ಅವಳು ಸುಮ್ಮನೆ ಕೇಳ್ತಿದ್ದಾಳೆ” ಅಂತ ಸಮಾಧಾನ ಮಾಡಿ, ತಂಗಿಯ ಕತ್ತಿಗೆ ಒದ್ದೆ ಬಟ್ಟೆ ಬದಲಾಯಿಸುತ್ತಿದ್ದಳು.