ಹೊಸ್ತಿಲ ಹೊರಗೆ ಬೂಟು

ಜಯಮ್ಮ ಓಡಲು ಶುರುಮಾಡಿದ್ದು ಒಣಹಾಕಿದ್ದ ಬಟ್ಟೆಯ ದೆಸೆಯಿಂದ. ಎರ್ನಾಕುಳದ ಎಡಪ್ಪಳ್ಳಿಯ ಬಾಡಿಗೆ ಮನೆಯ ತಾರಸಿಯಲ್ಲಿ ಸೊಸೆಯ ಸೀರೆಗಳು ಹರಡಿದ್ದವು. ಹೇಳದೆ ಕೇಳದೆ ಮಳೆ ಬಂತು. ಮಂಚದಲ್ಲಿದ್ದ ಜಯಮ್ಮ ಎದ್ದು ಮೆಟ್ಟಿಲು ಹತ್ತಿ, ಈ ತುದಿಯಿಂದ ಆ ತುದಿಗೆ ಓಡಿ, ಸೀರೆಗಳನ್ನೆಲ್ಲ ಬಾಚಿ ತಬ್ಬಿಕೊಂಡು ಒಳಗೆ ಬಂದು ಕೂತರು. ಎದೆ ಹೊಡೆದುಕೊಳ್ಳುತ್ತಿತ್ತು. ಕೂತ ಮೇಲೆ ಗೊತ್ತಾಯಿತು: ಓಡಿದಷ್ಟು ಹೊತ್ತು ವಸಂತ ನೆನಪಾಗಿರಲಿಲ್ಲ.

ವಸಂತ ಅವರ ಒಬ್ಬನೇ ಮಗ. ಕಳಮಶ್ಶೇರಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದವನು ಕಾಮಾಲೆಯಾಗಿ ಹೋಗಿಬಿಟ್ಟ. ಆಮೇಲೆ ಜಯಮ್ಮ ಮಲಗಿದವರು ಏಳಲಿಲ್ಲ. ಡಾಕ್ಟರು ಎದೆ ನೋಡಿದರು, ನಾಡಿ ನೋಡಿದರು, ಎಲ್ಲ ಸರಿಯಾಗಿದೆ, ನಡೆದಾಡಲಿ ಅಂದರು. ನಡೆದರೆ ಮಗನೂ ಪಕ್ಕದಲ್ಲೇ ನಡೆದುಬರುತ್ತಿದ್ದ. ಒಂದು ದಿನ ಮೆಟ್ಟಿಲಿನ ಮೇಲೆ ತಲೆಸುತ್ತಿ ಬಿದ್ದರು. ಅಲ್ಲಿಂದ ಸೊಸೆ ವಿಜಯಶ್ರೀ ಅವರನ್ನು ಒಂಟಿಯಾಗಿ ಬಿಟ್ಟದ್ದಿಲ್ಲ. ಅವಳು ಕಳಮಶ್ಶೇರಿಯ ವಿಶ್ವವಿದ್ಯಾಲಯದಲ್ಲಿ ಪಾಠ ಮುಗಿಸಿ ಬರುವವರೆಗೆ ಪಕ್ಕದ ಮನೆಯ ರಾಜೀವಿ ಬಂದು ಕೂರುತ್ತಿದ್ದಳು. ರಾಜೀವಿ ಕಾಸರಗೋಡಿನವಳು, ಗಂಡ ಬ್ಯಾಂಕಿನಲ್ಲಿದ್ದ.

ಮಳೆ ಬಂದ ದಿನದಿಂದ ಜಯಮ್ಮ ಮಧ್ಯಾಹ್ನದ ಹೊತ್ತು ತಾರಸಿಯಲ್ಲಿ ಸುತ್ತು ಹೊಡೆಯತೊಡಗಿದರು. ಮೊದಮೊದಲು ಒಂದು ಸುತ್ತಿಗೇ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ರಾಜೀವಿ ನೀರಿನ ತೊಟ್ಟಿಯ ಮೇಲೆ ಕೂತು ಕಾವಲಿದ್ದಳು.

"ಎಂತ ಮಾರಾಯ್ರೆ, ಯಾರನ್ನು ಹಿಡಿಯಲಿಕ್ಕೆ ಓಡುವುದು ನೀವು?"

"ಹಿಡಿಯೋಕಲ್ಲ ಕಣೇ. ಸುಮ್ಮನಿರು, ಲೆಕ್ಕ ತಪ್ಪುತ್ತೆ."

"ವಿಜಯಶ್ರೀಗೆ ಹೇಳ್ಬೇಕಾ?"

"ಹೇಳಿದರೆ ನಿನ್ನ ಕೈ ಕಾಫಿ ಕುಡಿಯಲ್ಲ ನಾನು."

ಹವಾಯಿ ಚಪ್ಪಲಿ ಪಾಚಿಯ ಮೇಲೆ ಜಾರಿತು. ಬರಿಗಾಲಲ್ಲಿ ಓಡಿದರೆ ಅಂಗಾಲು ಸುಟ್ಟು ಬೊಬ್ಬೆ ಬಂತು. ರಾಜೀವಿ ಅವರನ್ನು ಎರ್ನಾಕುಳದ ದೊಡ್ಡ ಪಾದರಕ್ಷೆ ಅಂಗಡಿಗೆ ಕರೆದೊಯ್ದಳು. ಅಲ್ಲಿಯವರು ಮೊದಲು ಮೆತ್ತನೆಯ ಚಪ್ಪಲಿ ತೋರಿಸಿದರು, ಆಮೇಲೆ ಹುಡುಗಿಯರು ಸ್ಕೂಲಿಗೆ ಹಾಕುವ ಕರಿ ಶೂ. ಓಡುವುದಕ್ಕೆ ಎಂದಾಗ ಓಡುವವರು ಯಾರು ಎಂದು ಕೇಳಿ, ತಿಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬ ಮಾತ್ರ, ತಿರುವನಂತಪುರದ ಸ್ಟೇಡಿಯಂ ಹತ್ತಿರ ಓಟಗಾರರಿಗೆಂದೇ ಒಂದು ಅಂಗಡಿ ಇದೆ, ಇಲ್ಲಿ ಸಿಕ್ಕುವುದಿಲ್ಲ ಅಂದ.

ಅಷ್ಟರಲ್ಲಿ ವಿಜಯಶ್ರೀಗೂ ತಿರುವನಂತಪುರದಿಂದಲೇ ಕರೆ ಬಂತು. ರಾಕೆಟ್ ಕೇಂದ್ರದ ಕೆಲಸಕ್ಕೆ ಸಂದರ್ಶನ. ಎಂಎಸ್ಸಿ ಓದುವಾಗಿನಿಂದ ಅವಳು ಬಯಸಿದ್ದು ಅದೊಂದನ್ನೇ. ಆದರೆ ಅಡುಗೆಮನೆಯಲ್ಲಿ ಅವಳು ರಾಜೀವಿಗೆ ಹೇಳಿದ ಮಾತು ಜಯಮ್ಮನವರ ಕಿವಿಗೆ ಬಿತ್ತು.

"ಸುಮ್ಮನೆ ಹೋಗಿ ಬರ್ತೀನಿ ಅಷ್ಟೆ. ಸಿಕ್ಕಿದರೂ ಒಪ್ಪೋಕಾಗಲ್ಲ. ವಾರಗಟ್ಟಲೆ ಶ್ರೀಹರಿಕೋಟಕ್ಕೆ ಕಳಿಸ್ತಾರಂತೆ. ಅತ್ತೇನ ಯಾರು ನೋಡ್ಕೋತಾರೆ?"

ಜಯಮ್ಮ ಗೋಡೆಗೆ ಮುಖ ಮಾಡಿ ಮಲಗಿದರು. ಮಗನನ್ನಂತೂ ಉಳಿಸಿಕೊಳ್ಳಲಾಗಲಿಲ್ಲ, ಸೊಸೆಯ ದಾರಿಗೆ ಅಡ್ಡಲಾಗಿ ಮಲಗುವುದಿಲ್ಲ ಎಂದು ಅಲ್ಲೇ ನಿಶ್ಚಯ ಮಾಡಿದರು.

ವಿಜಯಶ್ರೀ ಅತ್ತೆಯನ್ನೂ ಜೊತೆಗೆ ಕರೆದೊಯ್ದಳು; ತಿರುವನಂತಪುರದಲ್ಲಿ ಇಬ್ಬರೂ ಇಳಿದುಕೊಂಡದ್ದು ಪಾಳಯಂ ಬಡಾವಣೆಯ ಕೌಸಲ್ಯಾಳ ಮನೆಯಲ್ಲಿ. ಮೈಸೂರಿನಲ್ಲಿ ವಿಜಯಶ್ರೀಯ ಜೊತೆ ಓದಿದವಳು, ಈಗ ಗಂಡನ ವರ್ಗಾವಣೆಯ ಹಿಂದೆ ಇಲ್ಲಿಗೆ ಬಂದಿದ್ದಳು. ಬೆಳಿಗ್ಗೆ ವಿಜಯಶ್ರೀ ಸಂದರ್ಶನಕ್ಕೆ ಹೊರಟಳು. ಕೌಸಲ್ಯಾ ಮಗುವಿಗೆ ನೀರೆರೆಯಲು ಬಚ್ಚಲಿಗೆ ಹೋದದ್ದೇ ಜಯಮ್ಮ ಚಪ್ಪಲಿ ಮೆಟ್ಟಿದರು. ಸ್ಟೇಡಿಯಂ ಹತ್ತಿರದ ಬೂಟಿನಂಗಡಿಗೆ ಹೋಗಿಬರ್ತೀನಮ್ಮ ಎಂದು ಬಾಗಿಲಲ್ಲೇ ಕೂಗಿ ಹೇಳಿ, ಉತ್ತರಕ್ಕೆ ಕಾಯದೆ ಹೊರಬಿದ್ದರು.

ಅಂಗಡಿ ಕಿರಿದು. ಬಲೆಯಲ್ಲಿ ಫುಟ್‌ಬಾಲುಗಳು ಜೋತುಬಿದ್ದಿದ್ದವು, ಕಪಾಟಿನ ತುಂಬ ಬೂಟು. ಎದುರು ಗೋಡೆಯಲ್ಲಿ ಯೇಸುವಿನ ಪಟ, ಅದರ ಮುಂದೆ ಒಂದು ಪುಟ್ಟ ಕೆಂಪು ದೀಪ. ಜಯಮ್ಮ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದು, "ರಾಮ ರಾಮ, ಏನು ಬೂಟುಗಳಪ್ಪ" ಎಂದು ತಮಗೆ ತಾವೇ ಅಂದುಕೊಂಡರು. ಸ್ಟೂಲಿನ ಮೇಲೆ ಕೂತಿದ್ದ ಬಿಳಿ ಮೀಸೆಯ ಮನುಷ್ಯ ತಲೆಯೆತ್ತಿದ.

"ಕನ್ನಡವಾ? ಬಾ ಅಮ್ಮ, ಕೂತ್ಕೋ. ನಾನು ಬೆಂಗಳೂರು ಪಟಾಲಂನಲ್ಲಿ ಬಾಳಾ ವರ್ಷ ಇದ್ದೆ. ಸೈಮನ್ ನನ್ನ ಹೆಸರು. ಯಾರಿಗೆ ಬೂಟು? ಮೊಮ್ಮಗನಿಗಾ?"

"ನನಗೆ. ಓಡೋದಕ್ಕೆ."

ಸೈಮನ್ ನಗಲಿಲ್ಲ. ಅದೊಂದಕ್ಕೇ ಜಯಮ್ಮ ಕೂತರು. ಪರಗಂಡಸಿನ ಬಾಯಲ್ಲಿ ಏಕವಚನ ಕೇಳಿ ಎಷ್ಟೋ ಕಾಲವಾಗಿತ್ತು; ಅದನ್ನೂ ನುಂಗಿಕೊಂಡರು.

"ಎಲ್ಲಿ ಓಡ್ತೀಯ?"

"ತಾರಸಿ ಮೇಲೆ. ಮಳೆಗಾಲದಿಂದ."

ಅವನು ಮೊದಲು ತಂದ ಬೂಟಿನ ಅಡಿಯಲ್ಲಿ ಮೊಳೆಗಳಿದ್ದವು. ರನ್ನಿಂಗ್ ಶೂ ಅಂದರೆ ಇದೇ ಅಂದ. ಮನೆಯೊಡೆಯನ ತಾರಸಿ ತೂತಾಗುತ್ತದೆ ಎಂದು ಜಯಮ್ಮ ಅದನ್ನು ದೂರ ಸರಿಸಿದರು. ಆಮೇಲೆ ಬಿಳಿ ಬಟ್ಟೆಯ ಬೂಟು ಬಂತು.

"ಚರ್ಮವಾ?"

"ಕ್ಯಾನ್ವಾಸು. ಅಡಿಯಲ್ಲಿ ರಬ್ಬರು, ಕೋಟ್ಟಯಂನ ಮರದ ಹಾಲು. ನಿನ್ನ ಮಡಿಗೆ ಏನೂ ಆಗಲ್ಲ. ಕಾಲು ಕೊಡು."

ಜಯಮ್ಮ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. "ಇಲ್ಲಿ ಹಾಕಿಕೊಳ್ಳೋದಿಲ್ಲ."

"ಮತ್ತೆ?"

"ದೇವರಿದ್ದಾನಲ್ಲ." ಪಟದ ಕಡೆ ತೋರಿಸಿದರು.

"ಅದು ನಮ್ಮ ದೇವರು."

"ದೀಪ ಉರೀತಿದೆಯಲ್ಲ."

"ಅವನು ಹಗಲೆಲ್ಲ ಬೂಟನ್ನೇ ನೋಡ್ತಾ ಇರ್ತಾನೆ ಅಮ್ಮ."

"ಅವನು ಸಹಿಸಿಕೊಂಡಿದ್ದಾನೆ. ನನಗಾಗಲ್ಲ." ಜಯಮ್ಮ ಬೂಟು ಎತ್ತಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಹಾಕಿಕೊಂಡರು. ಲೇಸು ಕಟ್ಟಲು ಬರಲಿಲ್ಲ; ಸೈಮನ್ ಬಗ್ಗಿ ಕಟ್ಟಿದ. ಕಟ್ಟಿ ಎದ್ದವನು ರಸ್ತೆಗೆ ಕೈ ಚಾಚಿದ.

"ಈಗ ಓಡು."

"ಇಲ್ಲೇನಾ?"

"ಒಳಗೆ ಹಾಕಿದ್ದರೆ ನಾಲ್ಕು ಹೆಜ್ಜೆ ನಡೆಸಿ ಕೊಟ್ಟುಬಿಡ್ತಿದ್ದೆ. ಹೊರಗೆ ಬಂದವಳು ನೀನು. ರಸ್ತೆ ಇದೆ. ಓಡದೆ ಬೂಟು ಹೇಗೆ ಗೊತ್ತಾಗುತ್ತೆ?"

ಎದುರುಗಡೆ ಚಹದಂಗಡಿ. ಬೆಂಚಿನ ಮೇಲೆ ಕಾಲೇಜು ಹುಡುಗರು, ಪೇಪರು ಹಿಡಿದ ಮುದುಕರು. ತಾರಸಿಗೆ ಗೋಡೆಯಿತ್ತು, ಇಲ್ಲಿ ಏನೂ ಇಲ್ಲ. ಜಯಮ್ಮನವರಿಗೆ ಒಂದು ಕ್ಷಣ ಬೂಟು ಬಿಚ್ಚಿಟ್ಟು ಮನೆಗೆ ಹೋಗಿಬಿಡೋಣ ಅನ್ನಿಸಿತು. ಆದರೆ ಚಹದಂಗಡಿಯ ಇಷ್ಟು ಜನಕ್ಕೆ ಹೆದರಿದರೆ, ಸೊಸೆ ಶ್ರೀಹರಿಕೋಟಕ್ಕೆ ಹೋದಾಗ ಈ ಊರಿನಲ್ಲಿ ಒಬ್ಬಳೇ ಬಾಳುವುದು ಹೇಗೆ? ಹಾಲು ತರಬೇಕು, ತರಕಾರಿ ತರಬೇಕು, ಜ್ವರ ಬಂದರೆ ಡಾಕ್ಟರನ್ನು ಹುಡುಕಬೇಕು. ಸೆರಗನ್ನು ಸೊಂಟಕ್ಕೆ ಬಿಗಿದರು. ನೆರಿಗೆಯನ್ನು ಒಂದು ಕೈಯಲ್ಲಿ ತುಸು ಎತ್ತಿ ಹಿಡಿದು ಅಂಚೆಪೆಟ್ಟಿಗೆಯ ತನಕ ಓಡಿದರು.

"ಅಮ್ಮೂಮ್ಮೇ, ಬಸ್ಸು ಪೋಯಿ" ಎಂದು, ಅಜ್ಜಿಯ ಬಸ್ಸು ಹೋಯಿತೆಂದು ಛೇಡಿಸುವ ದನಿಯೊಂದು ಬೆಂಚಿನಿಂದ ಬಂತು. ಉಳಿದವರು ನಕ್ಕರು.

"ಇನ್ನೊಂದು ಬರುತ್ತೆ ಬಿಡೋ" ಅಂದರು ಜಯಮ್ಮ, ಓಡುತ್ತಲೇ.

ವಾಪಸು ಬಂದಾಗ ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿತ್ತು. "ಹಿಂದೆ ಜಾರುತ್ತೆ" ಅಂದರು.

"ಲೇಸು ಬಿಗಿ ಮಾಡಿದರೆ ಸರಿಹೋಗುತ್ತೆ. ಅಳತೆ ಸರಿಯಾಗಿದೆ. ನಾನು ಎಷ್ಟು ಟೀಮಿಗೆ ಬೂಟು ಕೊಟ್ಟವನು ಗೊತ್ತಾ?"

"ನಿಮ್ಮ ಟೀಮಿನ ಹಿಮ್ಮಡಿ ಬೇರೆ, ನನ್ನದು ಬೇರೆ. ಇನ್ನೊಂದು ತೋರಿಸಿ."

ಲೇಸು ಬಿಗಿದು ಮತ್ತೆ ಓಡಿಸಿದ. ಮತ್ತೆ ಜಾರಿತು. ಜಯಮ್ಮ ಬೂಟು ಬಿಚ್ಚಿ ತಮ್ಮ ಚಪ್ಪಲಿಯ ಪಕ್ಕ ಹೊಸ್ತಿಲಾಚೆ ಒಪ್ಪವಾಗಿ ಜೋಡಿಸಿಟ್ಟು ಬರಿಗಾಲಲ್ಲಿ ಒಳಗೆ ಬಂದರು.

"ದುಡ್ಡು ಕೊಡದ ಬೂಟು ಅದು ಅಮ್ಮ. ಯಾರಾದರೂ ಹೊತ್ಕೊಂಡು ಹೋದರೆ?"

"ಹೋಗಲಿ. ಹೇಗೂ ಜಾರುತ್ತೆ."

ಸೈಮನ್ ಆಗ ನಕ್ಕ. ಏಣಿ ಹಾಕಿ ಮೇಲಿನ ಕಪಾಟಿನಿಂದ ಧೂಳು ಹಿಡಿದ ಪೆಟ್ಟಿಗೆಯೊಂದನ್ನು ಇಳಿಸಿದ. ಬೂದು ಬಣ್ಣದ ಬೂಟು, ಹಿಮ್ಮಡಿಗೆ ದಪ್ಪ ಮೆತ್ತೆ. "ಒಬ್ಬಳು ಹುಡುಗಿಗೆ ಮಾಡಿಸಿದ್ದು. ಜಿಲ್ಲೆಗೇ ಮೊದಲು ಬರ್ತಿದ್ದಳು. ಮದುವೆ ಆಯ್ತು. ತಗೊಂಡು ಹೋಗೋಕೆ ಬರಲಿಲ್ಲ."

"ಈಗ ಓಡಲ್ವಾ?"

"ಗಂಡನ ಮನೇಲಿ ಎಲ್ಲಿ ಓಡ್ತಾಳೆ?"

ಜಯಮ್ಮ ಪೆಟ್ಟಿಗೆಯನ್ನು ಮೆಟ್ಟಿಲಿಗೆ ಒಯ್ದರು. ಈ ಬೂಟು ಹಿಮ್ಮಡಿಯನ್ನು ಹಿಡಿದುಕೊಂಡಿತು. ಅಂಚೆಪೆಟ್ಟಿಗೆ ದಾಟಿದರು, ಇಗರ್ಜಿಯ ಮೂಲೆ ದಾಟಿದರು. ಚಹದಂಗಡಿಯವರು ನೋಡುತ್ತಿದ್ದಾರೆಯೇ ಎಂದು ಈ ಸಲ ನೋಡಲಿಲ್ಲ. ತಿರುಗಿ ಬರುವಾಗ ಅಂಗಡಿಯ ಮೆಟ್ಟಿಲ ಹತ್ತಿರ ವಿಜಯಶ್ರೀ ನಿಂತಿದ್ದಳು. ಸಂದರ್ಶನಕ್ಕೆ ಉಟ್ಟ ಸೀರೆ, ಕೈಯಲ್ಲಿ ಫೈಲು. ಕೌಸಲ್ಯಾ ಹೇಳಿರಬೇಕು.

"ಅತ್ತೆ, ಏನಿದು?"

"ಬೂಟು ತಗೋತಿದ್ದೀನಿ. ತಡಿ, ಉಸಿರು ಬರಲಿ."

"ಮಗಳಾ?" ಸೈಮನ್ ಕೇಳಿದ.

"ಸೊಸೆ."

"ಅದಕ್ಕೇ ಓಡ್ತಾ ಇದ್ದೀಯ."

ವಿಜಯಶ್ರೀ ನಗಲೂ ಇಲ್ಲ, ಸಿಡುಕಲೂ ಇಲ್ಲ. ಮೆಟ್ಟಿಲ ಮೇಲೆ ಅತ್ತೆಯ ಪಕ್ಕ ಕೂತಳು. ಎಂದಿನಿಂದ ಎಂದು ಕೇಳಿದಳು, ಜಯಮ್ಮ ಹೇಳಿದರು. ರಾಜೀವಿಗೆ ಗೊತ್ತಾ ಎಂದು ಕೇಳಿದಳು, ಅದನ್ನೂ ಹೇಳಿದರು.

"ನಿನ್ನದು ಏನಾಯ್ತು?"

"ತಗೋತೀವಿ ಅಂದರು. ಒಪ್ಪಿಗೆಯೋ ಅಲ್ಲವೋ ನಾಳೆ ಬೆಳಿಗ್ಗೆ ಬಂದು ಹೇಳಿ ಅಂದರು. ಆಗಲ್ಲ ಅಂತ ಹೇಳಿ ಬರ್ತೀನಿ."

"ಆಗಲ್ಲ ಅನ್ನೋದಾದರೆ ಇವತ್ತೇ ಯಾಕೆ ಹೇಳಿ ಬರಲಿಲ್ಲ?"

ವಿಜಯಶ್ರೀ ಫೈಲಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ನೀವು ಎಲ್ಲಾದರೂ ಬಿದ್ದರೆ?" ಅಂದಳು.

"ಮಂಚದಲ್ಲಿ ಬಿದ್ದಿದ್ದಾಗ ಏಳೋಕಾಗಲಿಲ್ಲ. ರಸ್ತೇಲಿ ಬಿದ್ದರೆ ಏಳಲೇಬೇಕಲ್ಲ, ಲಾರಿ ಬರುತ್ತೆ."

"ತಮಾಷೆ ಬೇಡ ಅತ್ತೆ."

"ತಮಾಷೆಗೆ ಇಷ್ಟು ಬೆವರ್ತೀನಾ? ಅವನು ಹೋದ. ನಾನೂ ಹೋದ ಹಾಗೆ ಮಲಗಿದ್ದೆ. ಇಬ್ಬರನ್ನೂ ಹೊತ್ಕೊಂಡು ನೀನು ಎಲ್ಲಿಗೆ ಹೋಗ್ತೀಯ? ನನ್ನನ್ನ ಇಳಿಸು. ನಡೀತೀನಿ."

ವಿಜಯಶ್ರೀ ಬೂದು ಬೂಟುಗಳನ್ನೇ ನೋಡುತ್ತ ಕೂತಿದ್ದಳು. ಏಳುವಾಗ ಅಂದಳು: "ನಾಳೆ ಬೆಳಿಗ್ಗೆ ನನ್ನೆದುರಿಗೆ ಓಡಿ. ನೋಡ್ತೀನಿ."

ಮರುದಿನ ಮುಂಜಾನೆ ಇಬ್ಬರೂ ಮ್ಯೂಸಿಯಂ ಆವರಣಕ್ಕೆ ಹೋದರು. ಕಿವಿಗೆ ಮಫ್ಲರು ಸುತ್ತಿದ ನಿವೃತ್ತರು ಬಿರುಸಾಗಿ ನಡೆಯುತ್ತಿದ್ದರು. ವಿಜಯಶ್ರೀ ಬೆಂಚಿನ ಮೇಲೆ ಕೂತಳು. ಜಯಮ್ಮ ಕೊಂಡುತಂದ ಬೂದು ಬೂಟಿನಲ್ಲಿ ಹೊರಟರು.

ಇಳಿಜಾರು ಸಲೀಸಾಗಿ ಸಾಗಿತು. ಆಚೆ ಬದಿಯಲ್ಲಿ ಏರು ಸಿಕ್ಕಿತು. ತಾರಸಿಯಲ್ಲಿ ಏರು ಇರಲಿಲ್ಲ. ಅರ್ಧ ಏರಿಗೆ ಉಸಿರು ಕಟ್ಟಿತು, ಕಣ್ಣಿನ ಅಂಚು ಕಪ್ಪಾಯಿತು. ಮೆಟ್ಟಿಲಿನ ಮೇಲೆ ಬಿದ್ದ ದಿನ ಆದದ್ದೂ ಹೀಗೆಯೇ. ಇಲ್ಲಿಂದ ಬೆಂಚು ಕಾಣುತ್ತಿರಲಿಲ್ಲ. ಕೂತರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜಯಮ್ಮ ಹೆಜ್ಜೆಯನ್ನು ಚಿಕ್ಕದು ಮಾಡಿದರು, ಇನ್ನೂ ಚಿಕ್ಕದು ಮಾಡಿದರು. ನಡೆಯುವವರು ಅವರನ್ನು ದಾಟಿ ಹೋದರು. ಆದರೂ ಅದು ಓಟವೇ ಆಗಿತ್ತು. ಕಪ್ಪು ನಿಧಾನವಾಗಿ ಹಿಂದೆ ಸರಿಯಿತು, ಮರಗಳು ಮರಗಳಾಗಿ ಕಂಡವು.

ಬೆಂಚಿನ ಬಳಿ ಬಂದಾಗ ವಿಜಯಶ್ರೀ ಎದ್ದು ನಿಂತಿದ್ದಳು. ಅತ್ತೆಯ ಮುಖವನ್ನು ಒಮ್ಮೆ ದಿಟ್ಟಿಸಿದಳು.

"ತಲೆ ಸುತ್ತಿತಾ?"

"ಸುತ್ತಿತು. ಬೀಳಲಿಲ್ಲ."

ವಿಜಯಶ್ರೀ ಫೈಲನ್ನು ಬಗಲಿಗೆ ಸಿಕ್ಕಿಸಿಕೊಂಡಳು. "ಹಾಗಾದರೆ ನಾನು ಇಲ್ಲಿಂದಲೇ ಹೋಗ್ತೀನಿ. ಕೆಲಸಕ್ಕೆ ಬರ್ತೀನಿ ಅಂತ ಹೇಳಿ ಬರ್ತೀನಿ. ಕೌಸಲ್ಯಾ ಮನೆಗೆ ನೀವು..."

"ಕೇಳ್ಕೊಂಡು ಹೋಗ್ತೀನಿ."

"ಮಲಯಾಳದಲ್ಲಾ?"

"ಬಾಯಿದೆ, ಕೈಯಿದೆ. ನೀನು ಹೊರಡು, ನಿಂತರೆ ನನ್ನ ಕಾಲು ಹಿಡ್ಕೊಳ್ಳುತ್ತೆ."

ಅವಳು ಗೇಟಿನಲ್ಲಿ ತಿರುಗಿ ನೋಡಿದಳೋ ಇಲ್ಲವೋ ಜಯಮ್ಮನವರಿಗೆ ಗೊತ್ತಿಲ್ಲ. ಅವರು ಆಗಲೇ ಎರಡನೆಯ ಸುತ್ತಿನ ಇಳಿಜಾರಿನಲ್ಲಿದ್ದರು, ಮುಂದೆ ಬರುವ ಏರಿಗೆ ಉಸಿರನ್ನು ಉಳಿಸಿಕೊಳ್ಳುತ್ತ.