ಇಟ್ಟೊ ಒಗೆಯದೆ ಇಟ್ಟ ಮದುವೆ ಹೊದಿಕೆ

ತೂಡಾಳ ಮದುವೆಗೆ ಇಪ್ಪತ್ತೈದು ದಿನ ಉಳಿದಿತ್ತು. ತಾಯಿ ಇಟ್ಟೊ ಪೆಟ್ಟಿಗೆ ತೆರೆದು, ತನ್ನ ಅತ್ತೆ ನೇಯ್ದಿದ್ದ ಬಿಳಿ ಉಣ್ಣೆಯ ಹೊದಿಕೆಯನ್ನು ಬಿಡಿಸಿದಳು. ಅಟ್ಲಾಸ್ ಬೆಟ್ಟದ ಆ ಹಳ್ಳಿಯಲ್ಲಿ ಅಂಥ ಹೊದಿಕೆ ಹೊದೆಯದೆ ಹೆಣ್ಣು ಗಂಡನ ಮನೆಗೆ ಹೊರಡುವುದಿಲ್ಲ. ಮಡಿಕೆಯೊಳಗಿಂದ ಗೋಧಿ ಬಣ್ಣದ ಪುಟ್ಟ ಪತಂಗವೊಂದು ಹಾರಿತು. ಹೊದಿಕೆಯಲ್ಲಿ ಕುತ್ತಿಗೆಗೆ ಬರುವ ಕಡೆ ಏಳು ತೂತು!

ಇಟ್ಟೊ ಪತಂಗವನ್ನು ಅಂಗೈಯಲ್ಲಿ ಹೊಸಕಿದಳು. ನೇಕಾರ ಹೆಂಗಸರ ಸಂಘದಲ್ಲಿ ಉಣ್ಣೆ ತೊಳೆಯುವ ಪಕ್ಕದ ಮನೆಯ ಹಾದ್ದಾಳನ್ನು ಕೂಗಿದಳು.

“ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಕಣೇ. ತಿಂದದ್ದನ್ನಂತೂ ಕೊಂದೆ.”

“ಹಾರೋದು ತಿನ್ನಲ್ಲಕ್ಕಾ, ಮೊಟ್ಟೆ ಇಡುತ್ತೆ. ತಿನ್ನೋದು ಇದು.” ಹಾದ್ದಾ ಮಡಿಕೆಯಲ್ಲಿದ್ದ ಅಕ್ಕಿಕಾಳಿನಂಥ ಹುಳ ತೋರಿಸಿದಳು. “ಯಾವಾಗ ಒಗೆದಿದ್ದೆ?”

“ಒಗೆಯೋದಾ? ಅತ್ತೆ ಬೆಣ್ಣೆ, ಗೋರಂಟಿ ಹಚ್ಚಿ ಹರಸಿದ್ದು. ಒಗೆದರೆ ಆ ಆಶೀರ್ವಾದದ ಬರಕತ್ತು ಹೋಗುತ್ತೆ!”

“ತೂತು ಎಲ್ಲೆಲ್ಲಿವೆ ನೋಡು.”

ಇಟ್ಟೊ ಒಂದೊಂದರ ಮೇಲೂ ಬೆರಳಿಟ್ಟು ನೋಡಿದಳು. ಬೆಣ್ಣೆ ಮೆತ್ತಿದ್ದಲ್ಲಿ, ಬೆವರು ಹಿಡಿದಿದ್ದಲ್ಲಿ. ಬೇರೆಲ್ಲೂ ಇಲ್ಲ.

“ನೀನು ಬರಕತ್ತು ಅಂತ ಬಿಟ್ಟಿದ್ದನ್ನ ಹುಳ ಊಟ ಅಂದ್ಕೊಂಡಿದೆ. ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಹತ್ತು ದಿನ ಮಾಂಸದಂಗಡಿ ಫ್ರೀಜರ್‌ನಲ್ಲಿಡೋಣ. ಮೊಟ್ಟೆಯೂ ಸಾಯುತ್ತೆ.”

“ಮದುವೆ ಹೊದಿಕೆ ಕುರಿಮಾಂಸದ ಪಕ್ಕದಲ್ಲಾ!”

“ಬಂದಿದ್ದೇ ಕುರಿ ಮೈಯಿಂದ. ತವರಿಗೆ ಹೋದ ಹಾಗೆ ಬಿಡು.”

ಹತ್ತು ದಿನದ ಮೇಲೆ ಹಾದ್ದಾ ಹೊದಿಕೆಯನ್ನು ತಣ್ಣೀರು, ಮೆದು ಸೋಪಿನಲ್ಲಿ ಒಗೆದಳು. ನೀರು ಕಂದು ಬಣ್ಣವಾಗಿ ಹರಿದಾಗ ಇಟ್ಟೊ ಮುಖ ತಿರುಗಿಸಿಕೊಂಡಳು. ಚೆನ್ನಾಗಿ ಒಣಗಿದ ಮೇಲೆ ಹಾದ್ದಾ ತನ್ನ ಮನೆಯ ನೂಲಿನಿಂದಲೇ ಏಳೂ ತೂತು ಹೊಲಿದಳು. ಇಟ್ಟೊ ಪೆಟ್ಟಿಗೆಯ ಸಂದುಗೊಂದಿಯನ್ನೆಲ್ಲ ಉಜ್ಜಿ ಒರೆಸಿದಳು. ಮನೆಯ ಕಂಬಳಿಗಳನ್ನೆಲ್ಲ ಕೊಡವಿ ಬಿಸಿಲಿಗೆ ಹಾಕಿದಳು.

ಮದುವೆಯ ದಿನ ಇಟ್ಟೊ ಬೆಣ್ಣೆಯಲ್ಲಿ ಬೆರಳದ್ದಿದಳು. ಕೈ ಹೊದಿಕೆಯತ್ತ ಹೋಗಿ ನಿಂತಿತು. ಆಮೇಲೆ ಮಗಳ ಹಣೆಗೆ ಹಚ್ಚಿದಳು.

ಹಾದ್ದಾ ನಕ್ಕಳು. ಇಟ್ಟೊ ಅವಳ ತಲೆಗೆ ಮುತ್ತಿಟ್ಟಳು. “ನಿನ್ನ ಹೆತ್ತವರನ್ನ ದೇವರು ಕರುಣೆಯಿಂದ ಕಾಣಲಿ ತಂಗಿ. ನನ್ನ ಅತ್ತೆ ಕೈನೇಯ್ಗೆ ಉಳಿಸಿಕೊಟ್ಟೆ.”

ಅಕ್ಕತಂಗಿಯರೇ, ನಿಮ್ಮ ಪೆಟ್ಟಿಗೆಯಲ್ಲೂ ಯಾರದೋ ಕೈಕೆಲಸವಿದೆ: ಅಜ್ಜಿಯ ಕಂಬಳಿ, ಅಮ್ಮನ ರೇಷ್ಮೆ ಸೀರೆ, ಶಾಲು. ಕೊಳೆ ತೆಗೆದು, ಪೂರ್ತಿ ಒಣಗಿಸಿ, ಬಿಗಿಯಾಗಿ ಮುಚ್ಚಿಡಿ. ತಿಂಗಳಿಗೊಮ್ಮೆ ಮಡಿಕೆ ಬಿಡಿಸಿ ಕೊಡವಿ. ನಿಮಗಾಗಿ ನೇಯ್ದ ಕೈಗಳಿಗೆ ಅದೇ ಕೃತಜ್ಞತೆ. ಇವತ್ತೇ ಒಮ್ಮೆ ಪೆಟ್ಟಿಗೆ ತೆರೆದು ನೋಡಿ.