ತುಂಬದ ತಗ್ಗು

ಗೌರೀಶ ಮಾಸ್ತರರಿಗೆ ಎಲ್ಲವೂ ಸಾಕಾಗಿತ್ತು. ಯಲಬುರ್ಗಾದಿಂದ ಬೆಳಗಿನ ಬಸ್ಸಿನಲ್ಲಿ ನಿಂತೇ ಬಂದು, ಹಾಜರಿ ಹಾಕಿ, ಮೊಟ್ಟೆ ಎಣಿಸಿ, ಬಾಳೆಹಣ್ಣು ಎಣಿಸಿ, ಮೇಲಿನವರು ಕೇಳಿದ ಮಾಹಿತಿಯನ್ನೆಲ್ಲ ಮೊಬೈಲಿಗೆ ತುಂಬುವಷ್ಟರಲ್ಲಿ ಪಾಠ ಮಾಡುವ ತ್ರಾಣ ಉಳಿಯುತ್ತಿರಲಿಲ್ಲ. ವಿಜ್ಞಾನದ ಮಾಸ್ತರರೂ ಅವರೇ, ಪ್ರಭಾರ ಮುಖ್ಯಗುರುಗಳೂ ಅವರೇ. ಹೆಸರಿಗೆ ಎರಡು ಕುರ್ಚಿ, ಕೂಡಲು ಪುರಸೊತ್ತಿಲ್ಲ.

ಅದರ ಮೇಲೆ ಕಳಕಮ್ಮನ ಚಿಂತೆ. ಹನ್ನೊಂದು ವರ್ಷ ಆ ಶಾಲೆಯ ಬಿಸಿಯೂಟ ಬೇಯಿಸಿದವಳು. ದಸರೆ ರಜೆ ಮುಗಿದ ವಾರ ಹತ್ತೊಂಬತ್ತು ಮಕ್ಕಳಿಗೆ ವಾಂತಿಭೇದಿಯಾಯಿತು. ಮಕ್ಕಳೇನೋ ಹುಷಾರಾದರು, ಊರಿಗೆ ಮಾತ್ರ ಯಾರನ್ನಾದರೂ ಹಿಡಿದು ಬಯ್ಯಬೇಕಾಗಿತ್ತು. ಆಕೆ ಕೈ ತೊಳೆದುಕೊಳ್ಳುವುದಿಲ್ಲ ಎಂದು ಒಬ್ಬರು ಅಂದರು, ನಾಲ್ವರು ಹೌದೆಂದರು, ಮಾಸ್ತರರು ಅದನ್ನೇ ಕಾಗದದಲ್ಲಿ ಬರೆದು ಸಹಿ ಹಾಕಿದರು. ಖರೇನೋ ಸುಳ್ಳೋ ನೋಡುವ ಗೋಜಿಗೇ ಹೋಗಲಿಲ್ಲ. ಕಳಕಮ್ಮನ ಕೆಲಸ ನಿಂತಿತು, ಸದ್ಯಕ್ಕೆ ಸಹಾಯಕಿಯೇ ಬೇಯಿಸತೊಡಗಿದಳು. ಆಮೇಲೂ ವಾರಕ್ಕೆ ಇಬ್ಬರು ಮೂವರು ಹೊಟ್ಟೆ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು, ಅದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ಬರುವ ಶನಿವಾರ ಶಾಲಾ ಸಮಿತಿಯ ಸಭೆ. ಅಲ್ಲಿ ಬೇರೆ ಅಡುಗೆಯವಳನ್ನು ಗೊತ್ತುಮಾಡಿದರೆ ಕಳಕಮ್ಮನಿಗೆ ಆ ಶಾಲೆಯ ಬಾಗಿಲು ಕಾಯಂ ಮುಚ್ಚಿದಂತೆ.

ಗುರುವಾರ ಎಂಟನೆಯ ತರಗತಿಗೆ ಅಂತರ್ಜಲದ ಪಾಠವಿತ್ತು. ನೆಲದೊಳಗೆ ನೀರು ಹೇಗಿರುತ್ತದೆ, ಚಿತ್ರ ಬರೆಯಿರಿ ಎಂದರೆ ಅರ್ಧ ಮಕ್ಕಳು ಪೈಪು ಬರೆದರು. ಪ್ರವೀಣಕುಮಾರ ಒಂದು ಹೊಳೆಯನ್ನೇ ಬರೆದು ಅದರಲ್ಲಿ ಮೀನು ಬಿಟ್ಟಿದ್ದ. ತಪ್ಪು ಅವರದಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ಹುಡುಕುತ್ತ ಹೊಲ ಸುತ್ತುವ ಪಂಪಾಪತಿ ಊರಿಗೆಲ್ಲ ನೆಲದೊಳಗೆ ಹರಿಯುವ ಸೆಲೆಯ ಕಥೆಯನ್ನೇ ಹೇಳಿಟ್ಟಿದ್ದ. ವಾದಿಸಿ ಬಾಯಿ ನೋಯಿಸಿಕೊಳ್ಳುವುದಕ್ಕಿಂತ ಹಗ್ಗ ಕೊಡುವುದೇ ಮೇಲೆಂದು ಮಾಸ್ತರರು ಹಗ್ಗಕ್ಕೆ ಕಲ್ಲು ಕಟ್ಟಿ ಮಕ್ಕಳನ್ನು ಹೊರಗೆ ಅಟ್ಟಿದರು.

ಕೆರೆಯ ಕಡೆಯಿಂದ ಹಳ್ಳದ ಕಡೆಗೆ ಸಾಲಾಗಿ ಮೂರು ಬಾವಿ. ಮೇಲೆ ತೋಟದ ಬಾವಿ, ನಡುವೆ ಶಾಲೆಯ ಅಡುಗೆಗೂ ಕುಡಿಯಲಿಕ್ಕೂ ನೀರು ಕೊಡುವ ಬಾವಿ, ಕೆಳಗೆ ಹಜರತಬೀಯ ಮನೆಯ ಬಾವಿ. ಮಕ್ಕಳು ಮೂರರಲ್ಲೂ ಹಗ್ಗ ಇಳಿಸಿದರು. ಗೌಂಡಿಗಳು ಮಟ್ಟ ನೋಡುವ ನೀರು ತುಂಬಿದ ಪೈಪು ತಂದು ನೆಲದ ಇಳುಕಲನ್ನೂ ಅಳೆದರು. ಒಳಗೆ ಬಂದು ಚೌಕಳಿ ಹಾಳೆಯ ಮೇಲೆ ಚುಕ್ಕೆಯಿಟ್ಟು ಗೆರೆ ಎಳೆದಾಗ, ಗೆರೆ ಕೆರೆಯಿಂದ ಹಳ್ಳಕ್ಕೆ ಓರೆಯಾಗಿ ಇಳಿಯಿತು. ನೀರು ಪೈಪಿನಲ್ಲಿ ಓಡುವುದಿಲ್ಲ, ಮಣ್ಣಿನ ಮತ್ತು ಮುರುಕಲು ಕಲ್ಲಿನ ಸಂದಿಯಲ್ಲಿ ತುಂಬಿಕೊಂಡು ಇಳಿಜಾರಿಗೆ ಮೆಲ್ಲಗೆ ಸರಿಯುತ್ತದೆ ಎಂದು ಮಾಸ್ತರರು ಹೇಳಿದರು. ಬಹಳ ದಿನದ ಮೇಲೆ ಅವರಿಗೆ ಪಾಠ ಮಾಡಿದಂತೆ ಅನಿಸಿತು.

ಆಗ ರಂಜಿತಾ ಎದ್ದು ನಿಂತಳು. ತೋಟದ ಬಾವಿಗೂ ಅಡುಗೆಯ ಬಾವಿಗೂ ನಡುವೆ ಶಾಲೆಯ ಶೌಚಾಲಯದ ತಗ್ಗು ಇದೆಯಲ್ಲ, ಅದನ್ನೂ ಬರೆಯಬೇಕೇ ಎಂದು ಕೇಳಿದಳು.

ಆ ತಗ್ಗು ಊರಲ್ಲೇ ಹೆಸರಾದದ್ದು. ಮೂರು ವರ್ಷದ ಹಿಂದೆ, ಎರಡು ತಗ್ಗು ತೆಗೆದು ಒಂದೊಂದಕ್ಕೆ ಐದು ಫೂಟು ಆಳ ಸಾಕು ಎಂದು ಗೌಂಡಿ ಹೇಳಿದ್ದ. ತುಂಬಿದ ಮೇಲೆ ಬಳಿಯುವವರು ಯಾರು? ಆ ಮಾತೆತ್ತಿದರೆ ಊರಿಗೆ ಊರೇ ಮೂಗು ಮುಚ್ಚುತ್ತದೆ. ಹಾಗೆಂದು ಮಾಸ್ತರರು ತಾವೇ ಮೇಲೆ ನಿಂತು ಒಂದೇ ತಗ್ಗನ್ನು ಇಪ್ಪತ್ತು ಫೂಟು ತೋಡಿಸಿದ್ದರು. ನಮ್ಮ ಸಾಲಿ ತಗ್ಗು ಜನ್ಮದಲ್ಲಿ ತುಂಬುವುದಿಲ್ಲ ಎಂದು ಸಮಿತಿಯ ಅಧ್ಯಕ್ಷ ವಿರುಪಣ್ಣ ಬೀಗರನ್ನು ಕರೆತಂದು ತೋರಿಸಿದ್ದ.

ಅದು ಪಾಠದಲ್ಲಿ ಇಲ್ಲ, ಕೂಡು ಎಂದಿದ್ದರೆ ಹುಡುಗಿ ಕೂತುಬಿಡುತ್ತಿದ್ದಳು. ಮಾಸ್ತರರ ನಾಲಿಗೆಯ ತುದಿಗೆ ಆ ಮಾತು ಬಂದೂ ಬಂದಿತ್ತು.

"ಬರಿಯವಾ," ಅಂದರು. "ಇಪ್ಪತ್ತು ಫೂಟು."

ಆ ಜಾಗದಲ್ಲಿ ನೀರಿನ ಗೆರೆ ಹದಿನಾಲ್ಕು ಫೂಟಿಗೇ ಇತ್ತು. ಈ ವರ್ಷ ಮಳೆ ಛಲೋ ಆಗಿ, ಕೆರೆ ಕೋಡಿ ಬಿದ್ದು, ಒಳಗಿನ ನೀರು ಮೇಲೆ ಬಂದಿತ್ತು. ತಗ್ಗಿನ ಅಡಿ ಆರು ಫೂಟು ನೀರಿನಲ್ಲಿ ಮುಳುಗಿತ್ತು. ಅದರ ಹೊಲಸು ನೀರಿಗೆ ಸೇರಿ ಇಳುಕಲಿಗೆ ಸರಿದರೆ ಮೊದಲು ಸಿಗುವುದೇ ಅಡುಗೆಯ ಬಾವಿ.

"ಹಂಗಾದ್ರ ಕಳಕವ್ವಾರದೇನೂ ತಪ್ಪಿಲ್ಲಲ್ರಿ ಸರ," ಅಂದ ಪ್ರವೀಣಕುಮಾರ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಎಳೆದ ಕೈ ತಮ್ಮದೇ ಎಂದು ಮಾಸ್ತರರಿಗೆ ನಾಚಿಕೆಯಾಯಿತು. ಬಾವಿಯ ಮೋಟರಿನ ಕೋಣೆಗೆ ಬೀಗ ಹಾಕಿಸಿ ವಿರುಪಣ್ಣನಿಗೆ ಫೋನು ಮಾಡಿದರು. ಆತ ಹಾಳೆ ಹರಿದುಹಾಕಿ ಸುಮ್ಮನಿರಿ, ತಗ್ಗು ನಿಮ್ಮ ಕೊರಳಿಗೇ ಬರುತ್ತದೆ ಎಂದು ಬುದ್ಧಿ ಹೇಳಿದ. ಬರಲಿ, ತಪ್ಪು ಕಳಕಮ್ಮನದಲ್ಲ, ತಗ್ಗಿನದು ಎಂದು ಶನಿವಾರದ ಸಭೆಗೆ ನಾನೇ ಬರೆದು ಕೊಡುತ್ತೇನೆ ಎಂದು ಮಾಸ್ತರರು ಫೋನಿಟ್ಟರು. ಸಂಜೆಯ ಬಸ್ಸು ಬಿಟ್ಟು ಕಳಕಮ್ಮನ ಮನೆಗೆ ನಡೆದರು.

ಆಕೆ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ಸೊಸೆ ಲಲಿತಾ ಒಲೆ ಹೊತ್ತಿಸುತ್ತಿದ್ದಳು. ಮಾಸ್ತರರು ಹಾಳೆ ಬಿಡಿಸಿ ಕೆರೆ, ಬಾವಿ, ಗೆರೆ, ತಗ್ಗು ಎಲ್ಲವನ್ನೂ ಬೊಟ್ಟಿಟ್ಟು ತೋರಿಸಿದರು. ಕಳಕಮ್ಮ ಬಹಳ ಹೊತ್ತು ನೋಡಿದಳು.

"ನನಗ ಇದೆಲ್ಲಾ ತಿಳಿಯಂಗಿಲ್ರಿ ಸರ. ಒಂದು ಹೇಳ್ರಿ. ನನ್ನ ಕೈಯಾಗ ಏನಿಲ್ಲೇನ್ರಿ?"

"ಏನಿಲ್ಲಬೇ. ತಗ್ಗು ತೋಡಿಸಿದಾವ ನಾನು. ಕಾಗದ ಬರದಾವನೂ ನಾನ."

ಬೈಸಿಕೊಳ್ಳಲು ಸಿದ್ಧರಾಗಿಯೇ ಬಂದಿದ್ದರು. ಆಕೆ ಬೈಯಲಿಲ್ಲ.

"ಎರಡು ತಿಂಗಳಾತ್ರಿ ಒಲಿ ಮುಟ್ಟಿಲ್ಲ. ಮೊಮ್ಮಗಳಿಗೆ ಒಂದು ತುತ್ತು ಉಣಿಸಿಲ್ಲ. ಮಂದಿ ಅಂದಿದ್ದಕ್ಕಲ್ರಿ. ಮಂದಿ ಏನರ ಅಂತಾರ. ನೀವು ಕಲತವ್ರು, ನೀವು ಬರದೀರಿ. ಖರೇನ ಇರಬೇಕು ಅನಕೊಂಡೆ."

ಮಾಸ್ತರರು ಹಾಳೆ ಮಡಚಿದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ತಮ್ಮ ಮಾತನ್ನು ಇಷ್ಟು ಪೂರಾ ನಂಬಿದವರು ಇನ್ನೊಬ್ಬರಿರಲಿಲ್ಲ.

ಕಳಕಮ್ಮ ಎದ್ದು ಒಳಗೆ ಹೋದಳು. "ಏಳವಾ ಲಲಿತಾ, ರೊಟ್ಟಿ ನಾ ಬಡಿತೀನಿ," ಅಂದದ್ದು ಕೇಳಿಸಿತು. ಕಟ್ಟೆಯ ಮೇಲಿದ್ದ ಮಾಸ್ತರರಿಗೆ ಹೋಗ್ರಿ ಎಂದು ಯಾರೂ ಅನ್ನಲಿಲ್ಲ, ಕೂಡ್ರಿ ಎಂದೂ ಅನ್ನಲಿಲ್ಲ.